ಕೆಲಸ ಬಿಡದೆ ಎಂ.ಟೆಕ್ ಅಥವಾ ಎಂ.ಎಸ್.: ಬ್ಯಾಂಕಿಂಗ್ ಬ್ಯಾಕೆಂಡ್‌ನವರು ಏನು ಓದಬೇಕು, ಯಾವ ಕ್ರಮದಲ್ಲಿ?

ಬ್ಯಾಕೆಂಡ್_ಬಸು (ಪ್ರಶ್ನೆ)

ನಮಸ್ಕಾರ. ವಿಟಿಯುನಲ್ಲಿ ಇ ಅಂಡ್ ಸಿ ಮುಗಿಸಿದ್ದು, ಆಮೇಲೆ 6 ವರ್ಷ ಜಾವಾ: ಸ್ಪ್ರಿಂಗ್ ಬೂಟ್, ಒರಾಕಲ್ ಡೇಟಾಬೇಸ್, ಸರ್ವರ್‌ಗಳ ನಡುವೆ ಮೆಸೇಜ್ ಸಾಗಿಸುವ ಕಾಫ್ಕಾ. ಕ್ಲೈಂಟ್ ಒಂದು ಬ್ಯಾಂಕು. ಎದುರಾಗುವ ತೊಂದರೆಗಳೆಲ್ಲ ಒಂದೇ ಜಾತಿಯವು. ಒಂದೇ ಪೇಮೆಂಟ್ ಎರಡು ಸಲ ಹೋಗುತ್ತದೆ, ಲೋಡ್ ಏರಿದರೆ ಲಾಕ್‌ಗೆ (ಒಂದು ಸಲಕ್ಕೆ ಒಬ್ಬರನ್ನಷ್ಟೇ ಬಿಡುವ ಬೀಗ) ಕಾದು ಥ್ರೆಡ್‌ಗಳೆಲ್ಲ (ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಕೆಲಸಗಳು) ನಿಲ್ಲುತ್ತವೆ. ಪ್ಯಾಚ್ ಹಾಕಿ ಸಾಗಿಸುವುದು ಗೊತ್ತು, ಬುಡದಿಂದ ಗೊತ್ತಿಲ್ಲ.

ವಾರಕ್ಕೆ 12ರಿಂದ 15 ಗಂಟೆ ಎತ್ತಿಡಬಹುದು. ಖರ್ಚು 8 ಲಕ್ಷದೊಳಗೆ ಇರಬೇಕು. ಕಣ್ಣಿಗೆ ಬಿದ್ದಿರುವುದು ಮೂರು: ಬಿಟ್ಸ್ ಪಿಲಾನಿ ಕೆಲಸದಲ್ಲಿರುವವರಿಗೆ ನಡೆಸುವ ವಿಲ್ಪ್ ಎಂ.ಟೆಕ್, ಅಮೆರಿಕದ ಜಾರ್ಜಿಯಾ ಟೆಕ್‌ನ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಎಂ.ಎಸ್. (ಒಎಂಎಸ್‌ಸಿಎಸ್), ಇಲ್ಲವೇ ಇಲ್ಲಿನ ಯಾವುದಾದರೂ ಆನ್‌ಲೈನ್ ಎಂಸಿಎ. ಪದವಿಗೆ ಮಾನ್ಯತೆ ಹೇಗೆ, ಕೋರ್ಸ್‌ಗಳನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳಬೇಕು, ವಿಲ್ಪ್ ಡಿಸರ್ಟೇಶನ್‌ಗೆ (ಕೊನೆಯ ಪ್ರಬಂಧ) ಕ್ಲೈಂಟಿನ ಎನ್‌ಡಿಎ (ಗೋಪ್ಯತೆಯ ಒಪ್ಪಂದ) ಅಡ್ಡ ಬರುತ್ತದೆಯೇ? ತಿಳಿದವರು ಹೇಳಿ.

ಮ್ಯೂಟೆಕ್ಸ್_ಮಲ್ಲೇಶ್ವರಂ

ಬಸು ಅವರೇ, ಮೊದಲು ಕಾಗದದ ವಿಚಾರ ಮುಗಿಸಿಬಿಡೋಣ. ಸಿಲಬಸ್ ನೋಡುವ ಮೊದಲೇ ಇದನ್ನು ನೋಡಬೇಕು.

ಭಾರತದಲ್ಲಿ ಎಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳ ದೂರಶಿಕ್ಷಣದ ಎಂಜಿನಿಯರಿಂಗ್ ಪದವಿಗಳ ಬಗ್ಗೆ ತೀರ್ಪು ಕೊಟ್ಟ ಮೇಲೆ ಇದರಲ್ಲಿ ಗೊಂದಲ ಉಳಿದಿಲ್ಲ. ಹಾಗಾಗಿ ಯಾರಾದರೂ ಫೋನ್ ಮಾಡಿ ‘ಡಿಸ್ಟೆನ್ಸ್ ಎಂ.ಟೆಕ್’ ಅಂದರೆ ಅಲ್ಲೇ ಕಟ್ ಮಾಡಿ. ವಿಲ್ಪ್ ಆ ಗುಂಪಿನದಲ್ಲ. ಅದು ಕೆಲಸದಲ್ಲಿ ಇರುವವರಿಗೆ ಮಾತ್ರ, ಕಂಪನಿಯ ಒಪ್ಪಿಗೆ ಮತ್ತು ಕಂಪನಿಯೊಳಗಿನ ಒಬ್ಬ ಮೆಂಟರ್ ಇದ್ದರೆ ಮಾತ್ರ. ಆದರೂ ಮುಂದೆ ಸರ್ಕಾರಿ ಅಥವಾ ಬೋಧನೆಯ ಹುದ್ದೆಗೆ ಹೋಗುವ ಯೋಚನೆ ಇದ್ದರೆ ಆ ಹುದ್ದೆಯ ಅಧಿಸೂಚನೆಯಲ್ಲಿ ‘ರೆಗ್ಯುಲರ್’ ಎಂಬ ಪದ ಇದೆಯೇ ಎಂದು ಓದಿಕೊಂಡು ಮುಂದುವರಿಯಿರಿ.

ಎಂಸಿಎ, ಎಂಬಿಎಗಳನ್ನು ಆನ್‌ಲೈನ್‌ನಲ್ಲಿ ಕೊಡಬಹುದು, ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ಅನುಮತಿ ಬೇಕು. ಡಿಇಬಿ ಜಾಲತಾಣದ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು. ನೀವು ಸೇರುವ ಕೋರ್ಸು, ನೀವು ಸೇರುವ ವರ್ಷ, ಎರಡೂ ಇರಬೇಕು. ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಮಾನ್ಯತೆ ತಪ್ಪಿ 2018ರಲ್ಲಿ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರು ಎಷ್ಟು ಅಲೆದರು ಎನ್ನುವುದು ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು. ಪಟ್ಟಿಯ ಆ ಪುಟವನ್ನು ತಾರೀಖು ಸಮೇತ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಒಎಂಎಸ್‌ಸಿಎಸ್‌ನ ಪದವಿಪತ್ರದಲ್ಲಿ ‘ಆನ್‌ಲೈನ್’ ಎಂದು ಇರುವುದಿಲ್ಲ, ಕ್ಯಾಂಪಸ್ಸಿನವರಿಗೆ ಕೊಡುವ ಎಂ.ಎಸ್. ಪದವಿಯೇ ಅದು. ಖಾಸಗಿ ಕಂಪನಿಗಳಿಗೆ ಅಷ್ಟು ಸಾಕು. ಆದರೆ ವಿದೇಶಿ ಆನ್‌ಲೈನ್ ಪದವಿಗೆ ಇಲ್ಲಿ ಸಮಾನತಾ ಪ್ರಮಾಣಪತ್ರ ತಾನಾಗಿ ಸಿಗುತ್ತದೆ ಅಂದುಕೊಳ್ಳಬೇಡಿ. ಯುಜಿಸಿ 2025ರಲ್ಲಿ ಇದಕ್ಕೇ ಹೊಸ ನಿಯಮ ತಂದಿದೆ. ಇಲ್ಲಿ ಪಿಎಚ್.ಡಿ. ಮಾಡುವ ಆಸೆ ಇದ್ದರೆ ಆ ವಿಶ್ವವಿದ್ಯಾಲಯಕ್ಕೇ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಇನ್ನೊಂದು: ಮನೆಯಲ್ಲಿ ಕೂತು ಓದುವ ಪದವಿಗೆ ಎಫ್-1 (ವಿದ್ಯಾರ್ಥಿ) ವೀಸಾ ಇಲ್ಲ, ಹಾಗಾಗಿ ಓದಿನ ನಂತರ ಅಲ್ಲಿ ಕೆಲಸ ಮಾಡಲು ಸಿಗುವ ಒಪಿಟಿ ಅನುಮತಿಯೂ ಇಲ್ಲ. ಅಮೆರಿಕಕ್ಕೆ ಹೋಗುವ ದಾರಿ ಎಂದು ಇದನ್ನು ಹಿಡಿಯುವವರು ಬೇರೆ ದಾರಿ ನೋಡಬೇಕು.

ಪಿಜಿ ಡಿಪ್ಲೊಮಾ, ‘ಎಕ್ಸಿಕ್ಯುಟಿವ್ ಪ್ರೋಗ್ರಾಮ್’ ಎಂದು ದೊಡ್ಡ ದೊಡ್ಡ ಸಂಸ್ಥೆಗಳ ಲಾಂಛನ ಹಾಕಿ ಮಾರುವುದೆಲ್ಲ ಸ್ನಾತಕೋತ್ತರ ಪದವಿಯಲ್ಲ. ಕಲಿಕೆ ಚೆನ್ನಾಗಿರಬಹುದು, ಬೆಲೆ ಮಾತ್ರ ಪದವಿಯದ್ದೇ ಹಾಕಿರುತ್ತಾರೆ.

ಸೆಗ್‌ಫಾಲ್ಟ್_ಸಿದ್ದು

ನೀವು ಹೇಳಿದ ತೊಂದರೆಗಳಿಗೆ ನೇರ ಮದ್ದು ಒಎಂಎಸ್‌ಸಿಎಸ್‌ನ ಕಂಪ್ಯೂಟಿಂಗ್ ಸಿಸ್ಟಮ್ಸ್ ವಿಭಾಗದಲ್ಲಿದೆ. ಲೆಕ್ಕ ಹೀಗಿದೆ.

ಒಟ್ಟು 10 ಕೋರ್ಸು, 30 ಕ್ರೆಡಿಟ್, 6 ವರ್ಷದೊಳಗೆ ಮುಗಿಸಬೇಕು. ವರ್ಷಕ್ಕೆ ಮೂರು ಸೆಮಿಸ್ಟರ್: ಜನವರಿ, ಮೇ, ಆಗಸ್ಟ್. ಒಂದೊಂದೇ ತೆಗೆದುಕೊಂಡು ಹೋದರೆ ಮೂರೂಕಾಲು ವರ್ಷದ ಮೇಲೆ ಸ್ವಲ್ಪ. ಮೊದಲ 12 ತಿಂಗಳಲ್ಲಿ ಫೌಂಡೇಶನಲ್ ಪಟ್ಟಿಯ ಎರಡು ಕೋರ್ಸುಗಳನ್ನು ಬಿ ಅಥವಾ ಮೇಲಿನ ಗ್ರೇಡಿನಲ್ಲಿ ಮುಗಿಸಲೇಬೇಕು, ಇಲ್ಲದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಜಿಆರ್‌ಇ ಬೇಡ. ಇಂಗ್ಲಿಷ್ ಪರೀಕ್ಷೆಯ ಅಂಕ ಮತ್ತು ಮೂರು ಶಿಫಾರಸು ಪತ್ರ ಬೇಕು. ಶಿಫಾರಸು ಮಾಡುವವರ ಮೇಲ್ ಐಡಿ ಕಂಪನಿಯದ್ದೋ ಕಾಲೇಜಿನದ್ದೋ ಆಗಿರಲಿ, ಜಿಮೇಲ್ ಕೊಟ್ಟರೆ ಪ್ರಶ್ನೆ ಬರುತ್ತದೆ. ಆಗಸ್ಟ್ ಸೆಮಿಸ್ಟರಿಗೆ ಮಾರ್ಚಿನ ಹೊತ್ತಿಗೆ, ಜನವರಿಯದಕ್ಕೆ ಆಗಸ್ಟಿನ ಹೊತ್ತಿಗೆ ಅರ್ಜಿ ಹೋಗಿರಬೇಕು. ವಿಟಿಯು ಟ್ರಾನ್ಸ್‌ಕ್ರಿಪ್ಟ್ ಕೈಗೆ ಬರಲು ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು, ಅದಕ್ಕೆ ಎಲ್ಲಕ್ಕಿಂತ ಮೊದಲು ಅರ್ಜಿ ಹಾಕಿ.

ಕ್ರಮಕ್ಕೆ ಬರೋಣ. ಮೊದಲ ಸೆಮಿಸ್ಟರಿಗೆ ಕಂಪ್ಯೂಟರ್ ನೆಟ್‌ವರ್ಕ್ಸ್ (ಸಿಎಸ್ 6250). ಪ್ರಾಜೆಕ್ಟ್‌ಗಳು ಪೈಥಾನ್‌ನಲ್ಲಿ, ಸ್ಪ್ಯಾನಿಂಗ್ ಟ್ರೀ, ಡಿಸ್ಟೆನ್ಸ್ ವೆಕ್ಟರ್ ತರಹ ನೆಟ್‌ವರ್ಕಿನಲ್ಲಿ ದಾರಿ ಗೊತ್ತುಮಾಡುವಂಥವು. ಹೊರೆ ಕಡಿಮೆ, ವ್ಯವಸ್ಥೆಗೆ ಒಗ್ಗಿಕೊಳ್ಳಲು ಸರಿಯಾದ ಕೋರ್ಸು. ಎರಡನೆಯದು ಗ್ರಾಜುಯೇಟ್ ಆಪರೇಟಿಂಗ್ ಸಿಸ್ಟಮ್ಸ್, ಎಲ್ಲರೂ ಜಿಯಾಸ್ ಅನ್ನುತ್ತಾರೆ (ಸಿಎಸ್ 6200). ಜಾವಾದವರು ಎಡವುವುದು ಇಲ್ಲೇ. ಮಲ್ಟಿಥ್ರೆಡೆಡ್ ಫೈಲ್ ಸರ್ವರ್, ಶೇರ್ಡ್ ಮೆಮೊರಿ ಬಳಸುವ ಪ್ರಾಕ್ಸಿ, ಕೊನೆಗೆ ಜಿಆರ್‌ಪಿಸಿ (ಬೇರೆ ಯಂತ್ರದಲ್ಲಿರುವ ಫಂಕ್ಷನ್ ಕರೆಯುವ ಸಾಧನ) ಮೇಲೆ ಡಿಸ್ಟ್ರಿಬ್ಯೂಟೆಡ್ ಫೈಲ್ ಸಿಸ್ಟಮ್. ಮೊದಲಿನವು ಸಿಯಲ್ಲಿ, ಕೊನೆಯದು ಸಿ++ನಲ್ಲಿ. ವಾರಕ್ಕೆ 15ರಿಂದ 20 ಗಂಟೆ ಬೇಡುತ್ತದೆ. ನಿಮ್ಮ 12 ಗಂಟೆ ಆ ನಾಲ್ಕು ತಿಂಗಳು ಸಾಲುವುದಿಲ್ಲ ಎಂದು ಈಗಲೇ ಮನೆಯಲ್ಲಿ ಹೇಳಿಬಿಡಿ.

ಅಲ್ಲಿ ತಪ್ಪುವುದು ಏನೆಂದರೆ: ಸಾಕೆಟ್‌ನಿಂದ (ನೆಟ್‌ವರ್ಕ್ ಸಂಪರ್ಕದ ತುದಿ) 4096 ಬೈಟ್ ಕೇಳಿದರೆ 4096 ಬರುತ್ತದೆ ಎಂದು ನಂಬುವುದು. ಟಿಸಿಪಿಗೆ ಮೆಸೇಜಿನ ಗಡಿ ಗೊತ್ತಿಲ್ಲ, ಅದಕ್ಕೆ ಎಲ್ಲವೂ ಬೈಟುಗಳ ಹರಿವು. ಹೆಡರ್ ಅರ್ಧ ಈ ಸಲ, ಅರ್ಧ ಮುಂದಿನ ಸಲ ಬರಬಹುದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ ಇದ್ದು ಗ್ರೇಡರ್‌ನಲ್ಲಿ (ಅಂಕ ಕೊಡುವ ಪ್ರೋಗ್ರಾಮ್) ಬಿದ್ದರೆ ಮೊದಲು ಇದನ್ನೇ ನೋಡಿ. ಕಳಿಸುವಾಗಲೂ ಹಾಗೇ, ಪೂರ್ತಿ ಹೋಗುವವರೆಗೆ ಲೂಪ್ ಬೇಕು. ಇಮೇಜ್ ಫೈಲಿಗೆ, ಪಠ್ಯದ ಉದ್ದ ಎಣಿಸುವ ಎಸ್‌ಟಿಆರ್‌ಲೆನ್ ಹಾಕಿದರೆ ಮೊದಲ ಸೊನ್ನೆ ಬೈಟಿಗೇ ಎಣಿಕೆ ನಿಲ್ಲುತ್ತದೆ. ಕಂಡಿಶನ್ ವೇರಿಯಬಲ್ ಮೇಲೆ (ಇನ್ನೊಂದು ಥ್ರೆಡ್ ಕೊಡುವ ಸೂಚನೆಗೆ) ಕಾಯುವಾಗ ‘ಇಫ್’ ಅಲ್ಲ, ‘ವೈಲ್’. ಎಚ್ಚರಾಗಿ ಲಾಕ್ ಮತ್ತೆ ಸಿಗುವಷ್ಟರಲ್ಲಿ ಇನ್ನೊಂದು ಥ್ರೆಡ್ ಕ್ಯೂ ಖಾಲಿ ಮಾಡಿರಬಹುದು. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕದೆ ಒಂದು ಬಿಲ್ಡನ್ನೂ ಓಡಿಸಬೇಡಿ.

ಜಿಯಾಸ್ ಆದ ಮೇಲೆ ಅಡ್ವಾನ್ಸ್‌ಡ್ ಒಎಸ್ (ಸಿಎಸ್ 6210), ಅದರ ಮೇಲೆ ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್ (ಸಿಎಸ್ 7210). ಈ ಕೊನೆಯದಕ್ಕಾಗಿಯೇ ನೀವು ಸೇರಬೇಕು ಅಂತ ನಾನು ಹೇಳುವುದು. ಲ್ಯಾಬ್‌ಗಳು ಜಾವಾದಲ್ಲಿ: ಎಕ್ಸಾಕ್ಟ್ಲಿ-ಒನ್ಸ್ ಆರ್‌ಪಿಸಿ (ಒಂದು ಕರೆ ಸರಿಯಾಗಿ ಒಂದೇ ಸಲ ನಡೆಯುವುದು), ಪ್ರೈಮರಿ-ಬ್ಯಾಕಪ್, ಪ್ಯಾಕ್ಸೋಸ್ (ಕೆಲವು ಸರ್ವರ್ ಬಿದ್ದರೂ ಉಳಿದವು ಒಮ್ಮತಕ್ಕೆ ಬರುವ ವಿಧಾನ), ಆಮೇಲೆ ಶಾರ್ಡ್ ಮಾಡಿದ (ಹಲವು ಸರ್ವರ್‌ಗಳಿಗೆ ಹಂಚಿದ) ಕೀ-ವ್ಯಾಲ್ಯೂ ಸ್ಟೋರ್ ಮೇಲೆ ಟೂ-ಫೇಸ್ ಕಮಿಟ್ (ಎಲ್ಲ ಕಡೆ ಬರೆಯುವುದು, ಇಲ್ಲವೇ ಎಲ್ಲೂ ಬರೆಯದಿರುವುದು). ಚೌಕಟ್ಟಿನೊಳಗೆ ಮಾಡೆಲ್ ಚೆಕರ್ ಇದೆ. ನಿಮ್ಮ ಕೋಡ್ ಸಾವಿರ ಸಲ ಸರಿಯಾಗಿ ಓಡಿದರೂ, ಮೆಸೇಜುಗಳ ಯಾವುದೋ ಒಂದು ವಿಚಿತ್ರ ಸಾಲಿನಲ್ಲಿ ತಪ್ಪಿದರೆ ಅದನ್ನು ಹುಡುಕಿ ಮುಂದಿಡುತ್ತದೆ. ಇದರಲ್ಲಿ ಎಲ್ಲರೂ ಸಿಕ್ಕಿಬೀಳುವ ಜಾಗ: ಸ್ಟೇಟ್ ಕ್ಲಾಸ್‌ಗಳಿಗೆ ಈಕ್ವಲ್ಸ್, ಹ್ಯಾಶ್‌ಕೋಡ್ ಬರೆಯದಿರುವುದು. ಒಂದೇ ಸ್ಥಿತಿಯನ್ನು ಚೆಕರ್ ಬೇರೆ ಬೇರೆ ಎಂದು ಎಣಿಸಿ ಹುಡುಕಾಟ ಮುಗಿಯುವುದೇ ಇಲ್ಲ. ಮೆಮೊರಿ ತುಂಬಿ ಟೆಸ್ಟ್ ಬಿದ್ದಾಗ ಜನ ಪ್ಯಾಕ್ಸೋಸ್‌ನಲ್ಲಿ ತಪ್ಪು ಹುಡುಕುತ್ತ ವಾರ ಕಳೆಯುತ್ತಾರೆ. ಕೋಡಿನೊಳಗೆ ರ್‍ಯಾಂಡಮ್ ಅಥವಾ ಗಡಿಯಾರ ನೋಡುವುದೂ ನಿಷಿದ್ಧ, ಅದೇ ಸ್ಥಿತಿಯಿಂದ ಅದೇ ಮೆಸೇಜಿಗೆ ಅದೇ ಉತ್ತರ ಬರಲೇಬೇಕು.

ಆಲ್ಗಾರಿದಮ್ಸ್ (ಸಿಎಸ್ 6515) ಈ ವಿಭಾಗಕ್ಕೆ ಕಡ್ಡಾಯ, ಬಿ ಬೇಕೇ ಬೇಕು. ಸೀಟಿಗೆ ಪೈಪೋಟಿ ಇರುವುದರಿಂದ ಹೆಚ್ಚು ಕ್ರೆಡಿಟ್ ಮುಗಿಸಿದವರಿಗೇ ಮೊದಲು ಸಿಗುತ್ತದೆ, ಹಾಗಾಗಿ ಸಹಜವಾಗಿ ಎಂಟನೆಯದೋ ಒಂಬತ್ತನೆಯದೋ ಆಗಿ ಬರುತ್ತದೆ. ಹತ್ತನೆಯದಾಗಿ ಮಾತ್ರ ಇಟ್ಟುಕೊಳ್ಳಬೇಡಿ. ಸಿ ಬಂದರೆ ಪದವಿಯೇ ಒಂದು ಸೆಮಿಸ್ಟರ್ ಮುಂದಕ್ಕೆ ಹೋಗುತ್ತದೆ. ಮೇ ಸೆಮಿಸ್ಟರ್ ಚಿಕ್ಕದು, ಅದೇ ಪಾಠ ಕಡಿಮೆ ವಾರದಲ್ಲಿ. ಜಿಯಾಸ್, ಅಡ್ವಾನ್ಸ್‌ಡ್ ಒಎಸ್‌ಗಳನ್ನು ಅಲ್ಲಿ ಹಾಕದಿರುವುದು ಒಳ್ಳೆಯದು.

ಡೆಡ್‌ಲೈನಿನ ಗಡಿಯಾರವನ್ನು ಕೋರ್ಸ್‌ಗೊಂದರಂತೆ ನೋಡಿಕೊಳ್ಳಿ. ಅಮೆರಿಕದ ಪೂರ್ವ ಭಾಗದ ಸಮಯ ಭಾನುವಾರ ರಾತ್ರಿ 11:59 ಎಂದರೆ ನಮಗೆ ಸೋಮವಾರ ಬೆಳಿಗ್ಗೆ 9:29, ಚಳಿಗಾಲದಲ್ಲಿ 10:29. ‘ಎನಿವೇರ್ ಆನ್ ಅರ್ಥ್’ (ಭೂಮಿಯಲ್ಲಿ ಎಲ್ಲಾದರೂ ಆ ದಿನ ಇರುವವರೆಗೆ) ಎಂದಿದ್ದರೆ ಸೋಮವಾರ ಸಂಜೆ 5:29. ಭಾನುವಾರ ಪೂರ್ತಿ ಸಿಗುತ್ತದೆ, ಆದರೆ ಸೋಮವಾರದ ಸ್ಟ್ಯಾಂಡಪ್ ಮೀಟಿಂಗ್ ಹೊತ್ತಿಗೆ ಸರಿಯಾಗಿ ಗ್ರೇಡರ್ ಕೈಕೊಡುತ್ತದೆ.

ಒಂದು ಎಚ್ಚರಿಕೆ. ಅಸೈನ್‌ಮೆಂಟ್ ಕೋಡನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಡಿ, ಕೋರ್ಸ್ ಮುಗಿದ ಮೇಲೂ. ನಕಲು ಮಾಡಿದವರಷ್ಟೇ ಅಲ್ಲ, ಇಟ್ಟವರ ಮೇಲೂ ಕ್ರಮ ಆಗುತ್ತದೆ.

ಪ್ರಬಂಧ_ಪಾರ್ವತಿ

ಸಿದ್ದು ಅವರು ಹೇಳಿದ್ದು ಸರಿಯೇ, ಆದರೆ ಬಸು ಅವರ 12 ಗಂಟೆಯ ಲೆಕ್ಕಕ್ಕೆ ಅದು ಭಾರವಾದೀತು. ವಿಲ್ಪ್‌ನ ಪಾಠಗಳು ವಾರಾಂತ್ಯಕ್ಕೆ, ರೆಕಾರ್ಡಿಂಗೂ ಸಿಗುತ್ತದೆ. ಮೂರು ಸೆಮಿಸ್ಟರ್ ಕೋರ್ಸು, ನಾಲ್ಕನೆಯದು ಡಿಸರ್ಟೇಶನ್, ಎರಡು ವರ್ಷಕ್ಕೆ ಕೈತೊಳೆದುಕೊಳ್ಳಬಹುದು. ಸಮಸ್ಯೆ ಏನೆಂದರೆ ಒಂದು ಸೆಮಿಸ್ಟರಿಗೆ ನಾಲ್ಕು ಕೋರ್ಸು ಒಟ್ಟಿಗೆ ನಡೆಯುತ್ತವೆ. ಕ್ವಿಜ್, ಅಸೈನ್‌ಮೆಂಟು, ಮಿಡ್-ಸೆಮ್, ಕೊನೆಗೆ ಕಾಂಪ್ರಹೆನ್ಸಿವ್ ಪರೀಕ್ಷೆ. ಪರೀಕ್ಷೆಯ ವಾರಾಂತ್ಯಗಳು ಮೊದಲೇ ಗೊತ್ತಿರುತ್ತವೆ. ಕ್ಲೈಂಟಿನ ರಿಲೀಸ್ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ಬ್ಯಾಂಕಿನವರಿಗೆ ಮಾರ್ಚ್ ಕೊನೆ ಎಂದರೆ ಗೊತ್ತೇ ಇದೆಯಲ್ಲ. ಆಳ ಕೋರ್ಸಿನಿಂದ ಕೋರ್ಸಿಗೆ ಬದಲಾಗುತ್ತದೆ, ಕೋಡ್ ಬರೆಸುವುದು ಒಎಂಎಸ್‌ಸಿಎಸ್‌ಗಿಂತ ಕಡಿಮೆ. ಅದನ್ನು ಡಿಸರ್ಟೇಶನ್‌ನಲ್ಲಿ ತುಂಬಿಕೊಳ್ಳಬಹುದು.

ಎನ್‌ಡಿಎ ಬಗ್ಗೆ. ಬಹಳ ಜನ ಮಾಡುವುದು ಆಫೀಸಿನಲ್ಲಿ ನಡೆಯುತ್ತಿರುವ ಮೈಗ್ರೇಶನ್ನನ್ನೇ (ಹಳೇ ಸಿಸ್ಟಮ್‌ನಿಂದ ಹೊಸದಕ್ಕೆ ಸಾಗಿಸುವ ಕೆಲಸ) ವಿಷಯವಾಗಿ ಕೊಟ್ಟುಬಿಡುವುದು. ಮೂರು ಕಡೆ ಸಿಕ್ಕಿಕೊಳ್ಳುತ್ತದೆ. ಕ್ಲೈಂಟಿನ ಡಯಾಗ್ರಾಮ್ ವರದಿಯಲ್ಲಿ ಹಾಕಲು ಲೀಗಲ್‌ನವರು ಒಪ್ಪುವುದಿಲ್ಲ. ಪ್ರಾಜೆಕ್ಟ್ ನಡುವೆ ನಿಂತರೆ ನಿಮ್ಮದೂ ನಿಲ್ಲುತ್ತದೆ. ವೈವಾದಲ್ಲಿ ‘ಇದರಲ್ಲಿ ನೀವು ಮಾಡಿದ್ದೇನು?’ ಎಂದರೆ ಟೀಮಿನ ಕೆಲಸ ತೋರಿಸಬೇಕಾಗುತ್ತದೆ. ಅದರ ಬದಲು ಆಫೀಸಿನ ಸಮಸ್ಯೆಯನ್ನು ತೆಗೆದುಕೊಳ್ಳಿ, ಆಫೀಸಿನ ಡೇಟಾ ಬೇಡ.

ನಿಮ್ಮ ಕೆಲಸಕ್ಕೆ ಒಪ್ಪುವ ಒಂದು ವಿಷಯ ಹೇಳುತ್ತೇನೆ. ಡೇಟಾಬೇಸಿಗೆ ಬರೆದು, ಅದೇ ಘಟನೆಯನ್ನು ಕಾಫ್ಕಾಗೂ ಕಳಿಸಬೇಕು. ಎರಡರ ನಡುವೆ ಪ್ರೊಸೆಸ್ ಸತ್ತರೆ ಒಂದು ಆಗಿ ಇನ್ನೊಂದು ಆಗುವುದಿಲ್ಲ. ಇದಕ್ಕೆ ಔಟ್‌ಬಾಕ್ಸ್ ಟೇಬಲ್: ವ್ಯವಹಾರದ ಸಾಲು, ಕಳಿಸಬೇಕಾದ ಮೆಸೇಜಿನ ಸಾಲು, ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ). ಆಮೇಲೆ ಆ ಟೇಬಲನ್ನು ಪೋಲ್ ಮಾಡಿ (ಆಗಾಗ ನೋಡಿ) ಕಳಿಸುವುದು ಒಂದು ಬಗೆ, ಡೆಬೇಜಿಯಮ್ ತರಹ ಡೇಟಾಬೇಸಿನ ಲಾಗ್ ಓದಿ ಕಳಿಸುವುದು ಇನ್ನೊಂದು ಬಗೆ. ಎರಡನ್ನೂ ಕಟ್ಟಿ ಅಳೆಯಿರಿ. ಪೋಸ್ಟ್‌ಗ್ರೆಸ್, ಮೂರು ಕಾಫ್ಕಾ ಬ್ರೋಕರ್ (ಸರ್ವರ್), ಎಲ್ಲ ಡಾಕರ್‌ನಲ್ಲಿ. 16 ಜಿಬಿ ರ್‍ಯಾಮಿನ ಯಂತ್ರ ಸಾಕು. ಸೆಕೆಂಡಿಗೆ 200, 500, 1000 ಮೆಸೇಜು. ಮೊದಲ 5 ನಿಮಿಷ ಬಿಟ್ಟುಬಿಡಿ, ಜಾವಾ ಓಡಿಸುವ ಜೆವಿಎಂ ಬಿಸಿಯಾಗಲಿ (ಪೂರ್ತಿ ವೇಗಕ್ಕೆ ಬರಲಿ). ಮುಂದಿನ 30 ನಿಮಿಷ ಅಳೆಯಿರಿ. ಪ್ರತಿಯೊಂದನ್ನೂ ಕನಿಷ್ಠ 5 ಸಲ. ನಡುವೆ ಒಂದು ಬ್ರೋಕರನ್ನು ಕೊಲ್ಲಿ, ಔಟ್‌ಬಾಕ್ಸ್‌ನಿಂದ ಕಾಫ್ಕಾಗೆ ಕಳಿಸುವ ರಿಲೇ ಪ್ರೊಸೆಸ್ಸನ್ನೂ ಕೊಲ್ಲಿ. ಎಷ್ಟು ಮೆಸೇಜು ಎರಡು ಸಲ ಬಂದವು, ಎಷ್ಟು ಹಿಂದೆಮುಂದಾಗಿ ಬಂದವು ಎಂದು ಎಣಿಸಿ. ಸರಾಸರಿ ಬೇಡ, 99ನೇ ಪರ್ಸೆಂಟೈಲ್ (100ರಲ್ಲಿ 99 ಮೆಸೇಜುಗಳು ಎಷ್ಟು ಹೊತ್ತಿನೊಳಗೆ ತಲುಪಿದವು) ಕೊಡಿ.

ಪರೀಕ್ಷಕರು ಹಿಡಿಯುವ ಒಂದು ತಪ್ಪು ಇದೆ. ನಿಮ್ಮ ಲೋಡ್ ಟೂಲ್ ಒಂದು ಉತ್ತರ ಬಂದ ಮೇಲೇ ಮುಂದಿನದನ್ನು ಕಳಿಸುತ್ತಿದ್ದರೆ, ಸಿಸ್ಟಮ್ 2 ಸೆಕೆಂಡ್ ಸ್ತಬ್ಧವಾದಾಗ ಟೂಲೂ ಸುಮ್ಮನೆ ಕಾಯುತ್ತದೆ. ಆ 2 ಸೆಕೆಂಡಿನಲ್ಲಿ ಹೋಗಬೇಕಿದ್ದ ಸಾವಿರಾರು ಮೆಸೇಜುಗಳ ವಿಳಂಬ ಲೆಕ್ಕಕ್ಕೇ ಬರುವುದಿಲ್ಲ, ಒಂದೇ ಒಂದು ನಿಧಾನದ ಮೆಸೇಜು ಕಾಣುತ್ತದೆ. ಪರ್ಸೆಂಟೈಲ್ ನೋಡಲು ಅಂದವಾಗಿರುತ್ತದೆ, ಸುಳ್ಳಾಗಿರುತ್ತದೆ. ನಿಗದಿತ ದರದಲ್ಲಿ ಕಳಿಸುವ ಟೂಲ್ ಬಳಸಿ, ಕಳಿಸಬೇಕಿದ್ದ ಹೊತ್ತಿನಿಂದ ವಿಳಂಬ ಎಣಿಸಿ.

ಮೆಂಟರ್ ಆಯ್ಕೆಯಲ್ಲಿ ಹುದ್ದೆ ನೋಡಬೇಡಿ. ವೈಸ್ ಪ್ರೆಸಿಡೆಂಟ್ ಹೆಸರು ಹಾಕಿದರೆ ಸಹಿಗೆ ತಿಂಗಳು ಕಾಯಬೇಕು. ನಿಮ್ಮ ಕೋಡ್ ಓದಬಲ್ಲ ಆರ್ಕಿಟೆಕ್ಟ್ ಒಬ್ಬರು ಸಾಕು. ಅವರು ಕಂಪನಿ ಬಿಟ್ಟರೆ, ಅಥವಾ ನೀವೇ ಬಿಟ್ಟರೆ, ತಕ್ಷಣ ತಿಳಿಸಿ ಹೊಸಬರ ಹೆಸರು ಕೊಡಬೇಕಾಗುತ್ತದೆ. ಡಿಸರ್ಟೇಶನ್ ಸೆಮಿಸ್ಟರಿನಲ್ಲಿ ಕೆಲಸ ಬದಲಿಸುವುದನ್ನು ಆದಷ್ಟು ತಪ್ಪಿಸಿ.

ಬ್ಯಾಕೆಂಡ್_ಬಸು

ಪಾರ್ವತಿ ಮೇಡಂ, ಸಿದ್ದು ಸರ್, ತುಂಬಾ ಉಪಕಾರವಾಯಿತು. ಎರಡು ಸಂಶಯ. ಕಾಫ್ಕಾದಲ್ಲೇ ಎಕ್ಸಾಕ್ಟ್ಲಿ-ಒನ್ಸ್ ಇದೆಯಲ್ಲ, ಔಟ್‌ಬಾಕ್ಸ್ ಯಾಕೆ? ಇನ್ನು, ಫೀಸು ಕಟ್ಟುವ ಮೊದಲು ನನ್ನಿಂದ ಇದು ಆಗುತ್ತದೆಯೇ ಎಂದು ನೋಡಿಕೊಳ್ಳುವ ದಾರಿ ಇದೆಯೇ?

ಸೆಗ್‌ಫಾಲ್ಟ್_ಸಿದ್ದು

ಕಾಫ್ಕಾದ ಮಾತು ಕಾಫ್ಕಾದೊಳಗೆ ಮಾತ್ರ ನಿಜ: ಒಂದು ಟಾಪಿಕ್‌ನಿಂದ ಓದಿ, ಇನ್ನೊಂದಕ್ಕೆ ಬರೆದು, ಆಫ್‌ಸೆಟ್ (ಎಲ್ಲಿಯವರೆಗೆ ಓದಿದೆ ಎಂಬ ಗುರುತು) ಕಮಿಟ್ ಮಾಡುವುದು, ಈ ಮೂರೂ ಒಟ್ಟಿಗೆ. ನಡುವೆ ಒರಾಕಲ್‌ಗೆ ಬರೆದರೆ ಅದು ಆ ಟ್ರಾನ್ಸಾಕ್ಷನ್ನಿನ ಹೊರಗೆ. ಔಟ್‌ಬಾಕ್ಸ್ ಕಳಿಸುವ ಬದಿಯನ್ನು ಭದ್ರ ಮಾಡುತ್ತದೆ, ಆದರೆ ಎರಡು ಸಲ ಕಳಿಸಬಹುದು. ಹಾಗಾಗಿ ಪಡೆಯುವ ಬದಿಯಲ್ಲಿ ಮೆಸೇಜ್ ಐಡಿಗೆ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಐಡಿ ಎರಡು ಸಲ ಬರೆಯಲು ಬಿಡದ ನಿಯಮ) ಹಾಕಿ, ಪೇಮೆಂಟಿನ ಸಾಲು ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಐಡಿಯನ್ನೂ ಬರೆಯಬೇಕು. ಐಡಿ ಮೊದಲೇ ಬೇರೆ ಟ್ರಾನ್ಸಾಕ್ಷನ್‌ನಲ್ಲಿ ಬರೆದರೆ, ನಡುವೆ ಬಿದ್ದಾಗ ಪೇಮೆಂಟ್ ಆಗದೆಯೇ ‘ಆಗಿದೆ’ ಅನ್ನುತ್ತದೆ. ಆ ಲ್ಯಾಬ್‌ಗಳ ಮೊದಲ ಪಾಠವೇ ಇದು.

ಒರಾಕಲ್ ಎಂದಿರಿ, ಅದಕ್ಕೆ ಇನ್ನೊಂದು. ಒಟ್ಟಿಗೆ ಓಡುವ ಟ್ರಾನ್ಸಾಕ್ಷನ್‌ಗಳನ್ನು ಒಂದರಿಂದ ಒಂದು ಬೇರೆ ಇಡುವ ಮಟ್ಟ ಅದರಲ್ಲಿ ಡೀಫಾಲ್ಟ್ ಆಗಿ ರೀಡ್ ಕಮಿಟೆಡ್. ಅದನ್ನು ಸೀರಿಯಲೈಜಬಲ್‌ಗೆ ಏರಿಸಿದರೂ ನಿಮಗೆ ಸಿಗುವುದು ಸ್ನ್ಯಾಪ್‌ಶಾಟ್ ಐಸೊಲೇಶನ್, ಅಂದರೆ ಶುರುವಾದಾಗಿನ ಡೇಟಾವನ್ನೇ ಕೊನೆಯವರೆಗೆ ನೋಡುವುದು. ಒಬ್ಬ ಗ್ರಾಹಕನ ಎರಡು ಖಾತೆಗಳ ಮೊತ್ತ ಸೊನ್ನೆಗಿಂತ ಕೆಳಗೆ ಹೋಗಬಾರದು ಎಂಬ ನಿಯಮ ಇದೆ ಅನ್ನಿ. ಎರಡು ಟ್ರಾನ್ಸಾಕ್ಷನ್ ಒಟ್ಟಿಗೆ ಮೊತ್ತ ಓದಿ, ಒಂದು ಮೊದಲ ಖಾತೆಯಿಂದ, ಇನ್ನೊಂದು ಎರಡನೆಯದರಿಂದ ತೆಗೆದರೆ ಎರಡೂ ಕಮಿಟ್ ಆಗುತ್ತವೆ. ಬರೆದ ಸಾಲುಗಳು ಬೇರೆ ಬೇರೆ ಆದ್ದರಿಂದ ಘರ್ಷಣೆ ತಿಳಿಸುವ ಓಆರ್‌ಎ-08177 ಎರರ್ ಬರುವುದಿಲ್ಲ. ಎರಡೂ ಸಾಲನ್ನು ‘ಫಾರ್ ಅಪ್‌ಡೇಟ್’ ಹಾಕಿ (ಓದುವಾಗಲೇ ಲಾಕ್ ಮಾಡಿ) ಓದಬೇಕು, ಎಲ್ಲರೂ ಒಂದೇ ಕ್ರಮದಲ್ಲಿ, ಇಲ್ಲದಿದ್ದರೆ ಒಂದಕ್ಕೊಂದು ಕಾಯುತ್ತ ನಿಲ್ಲುವ ಡೆಡ್‌ಲಾಕ್.

ಪರೀಕ್ಷಿಸಿ ನೋಡಲು: 7210 ಬಳಸುವ ಡಿಎಸ್‌ಲ್ಯಾಬ್ಸ್ ಚೌಕಟ್ಟು ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು, ಗಿಟ್‌ಹಬ್‌ನಲ್ಲಿ ಬಿಟ್ಟಿ ಸಿಗುತ್ತದೆ. ಮೊದಲ ಎರಡು ಲ್ಯಾಬ್ ಮಾಡಿ ನೋಡಿ. ಎಂಐಟಿಯ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ (6.824, ಈಗ 6.5840) ಪಾಠಗಳು ಯೂಟ್ಯೂಬ್‌ನಲ್ಲಿವೆ, ಲ್ಯಾಬ್ ಗೋ ಭಾಷೆಯಲ್ಲಿ. ಕಾರ್ನೆಗಿ ಮೆಲನ್‌ನ ಡೇಟಾಬೇಸ್ ಕೋರ್ಸಿನ (15-445) ಪ್ರಾಜೆಕ್ಟುಗಳನ್ನು ಹೊರಗಿನವರೂ ಗ್ರೇಡ್‌ಸ್ಕೋಪ್‌ನಲ್ಲಿ ಹಾಕಿ ನೋಡಬಹುದು. ಮೂರು ತಿಂಗಳು, ವಾರಕ್ಕೆ ನಿಮ್ಮ ಅದೇ 12 ಗಂಟೆ. ನಾಲ್ಕನೇ ವಾರಕ್ಕೇ ಕೈಬಿಟ್ಟರೆ ಫೀಸು ಉಳಿಯಿತು.

ಲೆಡ್ಜರ್_ಲಕ್ಷ್ಮಣ

ದುಡ್ಡಿನ ವಿಚಾರ ಯಾರೂ ಎತ್ತಲಿಲ್ಲ. ಒಎಂಎಸ್‌ಸಿಎಸ್ ಪೂರ್ತಿಗೆ ಎಲ್ಲ ಸೇರಿ ಸುಮಾರು 7,000ದಿಂದ 8,000 ಡಾಲರ್. ಕೋರ್ಸ್ ಫೀಸಿನ ಜೊತೆ ಸೆಮಿಸ್ಟರಿಗೊಂದು ಶುಲ್ಕವೂ ಇರುತ್ತದೆ. ಹೊರದೇಶಕ್ಕೆ ಕಳಿಸುವ ದುಡ್ಡಿಗೆ ಟಿಸಿಎಸ್ (ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಬರುವುದು ವರ್ಷಕ್ಕೆ 10 ಲಕ್ಷ ದಾಟಿದರೆ, ಅದೂ ನಿಮ್ಮ ಪ್ಯಾನ್ ಮೇಲಿನ ಎಲ್ಲ ರವಾನೆ ಸೇರಿ. ಅಮೆರಿಕದ ಷೇರಿಗೆ ದುಡ್ಡು ಹಾಕುವವರು ಗಮನಿಸಿ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಫಾರೆಕ್ಸ್ ಮಾರ್ಕಪ್ (ಡಾಲರ್ ವಿನಿಮಯಕ್ಕೆ ಬ್ಯಾಂಕ್ ಹಾಕುವ ಹೆಚ್ಚುವರಿ), ಅದರ ಮೇಲೆ ಜಿಎಸ್‌ಟಿ. ಬ್ಯಾಂಕಿನಿಂದ ಕಳಿಸುವುದಾದರೆ ಫ್ಲಾಟ್ ಚಾರ್ಜ್ ಕೇಳಿ ಹೋಲಿಸಿ.

ಸಾಲ ಮಾಡುವುದಾದರೆ ಶಿಕ್ಷಣ ಸಾಲವೇ ಆಗಿರಲಿ. ಅದಕ್ಕಿರುವ ಆದಾಯ ತೆರಿಗೆ ವಿನಾಯಿತಿ ಬಡ್ಡಿಗೆ ಮಾತ್ರ, 8 ವರ್ಷದವರೆಗೆ, ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಪರ್ಸನಲ್ ಲೋನ್ ತೆಗೆದು ಫೀಸು ಕಟ್ಟಿದರೆ ಅದು ಸಿಗದು.

ಕಂಪನಿ ಫೀಸು ಕೊಡುತ್ತದೆ ಎಂದರೆ ಖುಷಿಪಡುವ ಮೊದಲು ಬಾಂಡ್ ಓದಿ. ಎಷ್ಟು ವರ್ಷ ಇರಬೇಕು, ಆ ವರ್ಷ ಶುರುವಾಗುವುದು ಫೀಸು ಕೊಟ್ಟ ದಿನದಿಂದಲೋ ಪದವಿ ಮುಗಿದ ದಿನದಿಂದಲೋ, ಕಂಪನಿಯೇ ನಿಮ್ಮನ್ನು ತೆಗೆದರೆ ವಾಪಸ್ ಕಟ್ಟಬೇಕೇ. ಮೂರನೆಯದಕ್ಕೆ ಎಚ್‌ಆರ್ ಬಾಯಿಮಾತಿನಲ್ಲಿ ‘ಇಲ್ಲ ಇಲ್ಲ’ ಅಂದರೆ ಮೇಲ್‌ನಲ್ಲಿ ಬರೆಸಿಕೊಳ್ಳಿ.

ಮ್ಯೂಟೆಕ್ಸ್_ಮಲ್ಲೇಶ್ವರಂ

ಇದನ್ನು ಓದುತ್ತಿರುವ ಸ್ಯಾಪ್‌ನವರಿಗೆ (ಕಂಪನಿಗಳ ಲೆಕ್ಕ, ವ್ಯವಹಾರ ನಡೆಸುವ ಸಾಫ್ಟ್‌ವೇರ್), ಮೇನ್‌ಫ್ರೇಮ್‌ನವರಿಗೆ ಒಂದು ಮಾತು: ಮೇಲಿನದೆಲ್ಲ ನಿಮಗೆ ಹಾಗೇ ಹೊಂದುವುದಿಲ್ಲ. ಹಳೇ ಆವೃತ್ತಿಯಾದ ಸ್ಯಾಪ್ ಇಸಿಸಿಯ ಮುಖ್ಯ ಬೆಂಬಲ 2027ರ ಕೊನೆಗೆ ನಿಲ್ಲುತ್ತದೆ, ಹೊಸದಾದ ಎಸ್/4ಗೆ ಸಾಗಿಸುವ ಕೆಲಸವೇ ಈಗ ಸಂಬಳ ತರುವುದು. ಅದನ್ನು ಕಲಿಸುವ ಎಂ.ಟೆಕ್ ಹುಡುಕುವುದಕ್ಕಿಂತ ಸ್ಯಾಪ್‌ನದೇ ಸರ್ಟಿಫಿಕೇಟ್ ಹತ್ತಿರದ ದಾರಿ.

ಬಸು ಅವರೇ, ಸರ್ಕಾರಿ ಹುದ್ದೆ, ಬೋಧನೆ ತಲೆಯಲ್ಲಿ ಇಲ್ಲದಿದ್ದರೆ ಆನ್‌ಲೈನ್ ಎಂಸಿಎ ಪಟ್ಟಿಯಿಂದ ತೆಗೆದುಬಿಡಿ. ಬಿ.ಇ. ಆದವರಿಗೆ ಅದರಲ್ಲಿ ಹೊಸದು ಕಡಿಮೆ. ಉಳಿದ ಎರಡರಲ್ಲಿ, ಸಿದ್ದು ಹೇಳಿದ ಲ್ಯಾಬ್ ಎರಡನ್ನು ಮುಗಿಸಿದರೆ ಜಾರ್ಜಿಯಾ ಟೆಕ್, ಸಮಯ ಸಾಲದೆ ನಿಂತರೆ ವಿಲ್ಪ್. ಯಾವುದಕ್ಕೇ ಆಗಲಿ, ಟ್ರಾನ್ಸ್‌ಕ್ರಿಪ್ಟ್ ಅರ್ಜಿಯನ್ನು ಈ ವಾರವೇ ಹಾಕಿ.